ರಾತ್ರಿ ಎಷ್ಟು ಸಲ ಏಳ್ತೀರಿ?

ಅಪ್ಪನನ್ನು ನೋಡಿಕೊಳ್ಳಲು ಯಾರನ್ನಿಡಬೇಕು ಅಂತ ಈ ವಾರ ಮನೆಯಲ್ಲಿ ಜಟಾಪಟಿ. ಅಣ್ಣನದು ಒಂದೇ ಹಠ, ನರ್ಸೇ ಬೇಕು, ದುಡ್ಡು ನಾನು ಕೊಡ್ತೀನಿ. ದೂರ ಇರುವವರ ಕಾಳಜಿ ಯಾವಾಗಲೂ ಸ್ವಲ್ಪ ಜೋರು. ಏಜೆನ್ಸಿಯವನೂ ಅದಕ್ಕೆ ತಾಳ ಹಾಕಿದ. ವಯಸ್ಸು ಕೇಳಿದ, ಕಾಯಿಲೆ ಕೇಳಿದ, 12 ಗಂಟೆಯಾ 24 ಗಂಟೆಯಾ ಅಂದ, ಮುಗೀತು.

ಮೊನ್ನೆ ಈ ಕೆಲಸಕ್ಕೆ ಮಾತಾಡಲು ಬಂದ ಹೆಂಗಸು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಕುರ್ಚಿ ಎಳೆದುಕೊಂಡು ಅಪ್ಪನ ಎದುರು ಕೂತರು.

"ಅಪ್ಪಾಜಿ, ರಾತ್ರಿ ಎಷ್ಟು ಸಲ ಏಳ್ತೀರಿ?"

"ಮೂರು, ಕೆಲವು ಸಲ ನಾಲ್ಕು."

"ಏಳುವಾಗ ಏನು ಹಿಡ್ಕೋತೀರಿ?"

"ಕಿಟಕಿ ಸರಳು."

ಕಾಯಿಲೆಯ ಹೆಸರನ್ನೇ ಕೇಳಲಿಲ್ಲ ನೋಡಿ. ಎದ್ದು ತೋರಿಸಿ ಅಂದರು. ತೋಳು ಹಿಡಿದು ಎಳೆಯಲಿಲ್ಲ. ಅಪ್ಪನ ಪಾದ ಹಿಂದಕ್ಕೆ ಸರಿಸಿ, ಮುಂದಕ್ಕೆ ಬಾಗಿ ಅಂತ ಹೇಳಿ, ಸೊಂಟದ ಹತ್ತಿರ ಕೈ ಇಟ್ಟು ಸುಮ್ನೆ ಕಾದರು. ಅಪ್ಪ ತಾವೇ ಎದ್ದರು!

ಆ ಪ್ರಶ್ನೆ ತಲೆಯಲ್ಲೇ ಸುತ್ತುತ್ತಿದೆ. ರಾತ್ರಿ ಎಷ್ಟು ಸಲ ಏಳ್ತೀರಿ? ಎಲ್ಲಾ ಅದರಲ್ಲೇ ಇದೆ ಅಲ್ವಾ. ನಾಲ್ಕು ಸಲ ಏಳುವವರಿಗೆ ಹಗಲು ಪಾಳಿಯವರು ಬಂದು ಹೋದರೆ ಏನು ಬಂತು? 24 ಗಂಟೆಗೂ ಒಬ್ಬರನ್ನೇ ಇಟ್ಟರೆ ಅವರು ಮಲಗುವುದು ಯಾವಾಗ? ದುಡ್ಡು ಕೊಟ್ಟ ಮೇಲೆ ನಿದ್ದೆ ಯಾಕೆ ಅನ್ನುವ ಜನರೂ ಇದ್ದಾರೆ, ಅವರ ಜೊತೆ ನಾನು ವಾದ ಮಾಡಲ್ಲ.

ಮೂಗಿನ ಟ್ಯೂಬಿನಲ್ಲಿ ಊಟ, ಮೂತ್ರಕ್ಕೆ ಹಾಕುವ ಕ್ಯಾಥೆಟರ್ ಕೊಳವೆ, ಡ್ರೆಸ್ಸಿಂಗ್ ಬೇಕಾದ ಗಾಯ ಇದ್ದರೆ ನರ್ಸೇ ಬೇಕು, ಅಲ್ಲಿ ಉಳಿಸಲು ಹೋಗಬಾರದು. ಹಾಸಿಗೆ ಹಿಡಿದವರಿಗೆ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವವರು ಬೇಕು, ಇಲ್ಲಾಂದ್ರೆ ಬೆನ್ನಲ್ಲಿ ಹುಣ್ಣು. ಮರೆವಿನ ಕಾಯಿಲೆಯವರಲ್ಲಿ ಹಲವರಿಗೆ ಸಂಜೆ ಹೊತ್ತು ಗಲಿಬಿಲಿ ಜಾಸ್ತಿ, ಅಂಥವರ ಮುಂದೆ ವಾರಕ್ಕೊಂದು ಹೊಸ ಮುಖ ತಂದು ನಿಲ್ಲಿಸಿದರೆ ಎಷ್ಟು ಓದಿದವರಾದರೂ ಕಷ್ಟವೇ. ಅಪ್ಪನಿಗೆ ಇದ್ಯಾವುದೂ ಇಲ್ಲ. ಏಳಲು ಒಂದು ಆಸರೆ, ಸ್ನಾನಕ್ಕೆ ಸಹಾಯ, ಮತ್ತೆ ಒಂದಿಷ್ಟು ಮಾತು.

"ಆ ಹೆಂಗಸಿನ ಹತ್ತಿರ ಸರ್ಟಿಫಿಕೇಟ್ ಏನಿದೆ?" ಅಂದ ಅಣ್ಣ. ಹಿಂದೆ ಕೆಲಸ ಮಾಡಿದ ಮನೆಯವರ ಹತ್ತಿರ ಮಾತಾಡಿದ್ದೇನೆ, ಗುರುತಿನ ಚೀಟಿ ನೋಡಿದ್ದೇನೆ, ರಜೆ ದಿನ ಬದಲಿಗೆ ಯಾರು ಅನ್ನುವುದನ್ನೂ ಬರೆದುಕೊಂಡಿದ್ದೇನೆ ಅಂದೆ. ಅಷ್ಟರಲ್ಲಿ ಅಪ್ಪ, "ನನ್ನ ಸ್ನಾನಕ್ಕೆ ಹೆಂಗಸರು ಬೇಡಪ್ಪ" ಅಂದರು. ಇಷ್ಟು ದಿನದ ಜಗಳದಲ್ಲಿ ಅವರು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಹಾಗಾಗಿ ರಾತ್ರಿ ಪಾಳಿಗೆ ಆ ಹೆಂಗಸು, ಬೆಳಿಗ್ಗೆ ಸ್ನಾನದ ಹೊತ್ತಿಗೆ ಒಬ್ಬ ಹುಡುಗ. ಅಣ್ಣನ ಮುನಿಸು ಇನ್ನೂ ಇಳಿದಿಲ್ಲ, ಇರಲಿ ಬಿಡಿ.