ಲ್ಯಾಂಗರ್‌ನಲ್ಲಿ ಮೋಡ ಸರಿದ ದಿನ

ಮೂರನೇ ಸಲಕ್ಕೆ ಮೋಡ ಸರಿಯಿತು. ಹಿಂದಿನ ಎರಡು ಸಲವೂ ಲೆಸ್ಟರ್‌ನಿಂದ ಲ್ಯಾಂಗರ್‌ಗೆ ಹೋಗಿ, ಸಂಜೆವರೆಗೆ ಕಾದು, ಹಾರದೆ ವಾಪಸ್ ಬಂದಿದ್ದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಹತ್ತಿರದ ಈ ಏರ್‌ಫೀಲ್ಡ್‌ನಿಂದ ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನಗಳು ಹಾರುತ್ತಿದ್ದವು. ಈಗ ಇಲ್ಲಿಂದ ನಮ್ಮಂಥವರು ವಿಮಾನ ಹತ್ತಿ, ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯುತ್ತಾರೆ.

ನನಗೆ ಎತ್ತರ ಅಂದರೆ ಭಯ. ಅದು ನನ್ನ ಗೆಳತಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಡಿಗ್ರಿ ಓದುವಾಗ ಶ್ರವಣಬೆಳಗೊಳಕ್ಕೆ ಹೋಗಿದ್ದೆವು. ವಿಂಧ್ಯಗಿರಿಯನ್ನು ಹೇಗೋ ಹತ್ತಿದೆ. ಇಳಿಯುವಾಗ ಕಾಲು ನಡುಗಿ ಅರ್ಧದಲ್ಲೇ ಕೂತುಬಿಟ್ಟೆ. ಆರುನೂರಕ್ಕೂ ಜಾಸ್ತಿ ಮೆಟ್ಟಿಲು, ಬರಿಗಾಲು, ಸುಡುವ ಬಂಡೆ. ಅವಳು ಒಂದು ಮೆಟ್ಟಿಲು ಕೆಳಗೆ ನಿಂತು, ನನ್ನ ಎರಡೂ ಕೈ ಹಿಡಿದು, ಹಿಂದುಹಿಂದಕ್ಕೆ ಹೆಜ್ಜೆ ಇಡುತ್ತಾ ಇಳಿಸಿಕೊಂಡು ಬಂದಳು. "ಕೆಳಗೆ ನೋಡ್ಬೇಡ ಕಣೇ, ನನ್ನ ಮುಖ ನೋಡು" ಅಂತ ಉದ್ದಕ್ಕೂ ಹೇಳುತ್ತಲೇ ಇದ್ದಳು.

ಆಮೇಲೆ ಇಬ್ಬರೂ ಈ ದೇಶಕ್ಕೆ ಬಂದೆವು. ಇಲ್ಲೇ ಅವಳಿಗೆ ಬ್ಲಡ್ ಕ್ಯಾನ್ಸರ್ ಬಂತು. ಸ್ಟೆಮ್ ಸೆಲ್ ಕಸಿ, ಅಂದರೆ ರಕ್ತ ಹುಟ್ಟಿಸುವ ಜೀವಕೋಶಗಳನ್ನು ಬೇರೆಯವರಿಂದ ಪಡೆದು ಕೊಡುವುದು, ಆಗಬೇಕಿತ್ತು. ಒಡಹುಟ್ಟಿದವರದು ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅವಳ ತಮ್ಮನದು ಹೊಂದಲಿಲ್ಲ. ಇದು ಬ್ಲಡ್ ಗ್ರೂಪ್ ಸೇರಿದರೆ ಸಾಕು ಅನ್ನುವಂಥದ್ದಲ್ಲ. ಟಿಶ್ಯೂ ಟೈಪ್, ಅಂದರೆ ಜೀವಕೋಶಗಳ ಮೇಲಿನ ಗುರುತು, ಹೊಂದಬೇಕು, ಅದು ತಲೆತಲಾಂತರದಿಂದ ಬರುವಂಥದ್ದು. ಹಾಗಾಗಿ ನಮ್ಮವರಿಗೆ ನಮ್ಮವರಲ್ಲೇ ಸಿಗುವುದು ಜಾಸ್ತಿ. ಆದರೆ ದಾನಿಗಳ ಪಟ್ಟಿಯಲ್ಲಿ ನಮ್ಮವರು ತೀರಾ ಕಡಿಮೆ. ಹುಡುಕುತ್ತಿರುವಾಗಲೇ ಅವಳು ಹೋದಳು.

ಆಂಥನಿ ನೋಲನ್ ಸಂಸ್ಥೆಗೆ ಹಣ ಕೂಡಿಸಲು ಹಾರಿದೆ. ಶರ್ಲಿ ನೋಲನ್ ಎಂಬ ತಾಯಿ ತನ್ನ ಮಗನಿಗೆ ದಾನಿ ಹುಡುಕುತ್ತಾ 1974ರಲ್ಲಿ ಶುರು ಮಾಡಿದ ಪಟ್ಟಿ ಅದು. ಆ ಮಗು ಉಳಿಯಲಿಲ್ಲ, ಪಟ್ಟಿ ಉಳಿಯಿತು. ಜಿಗಿತದ ಖರ್ಚನ್ನು ನಾನೇ ಕೊಟ್ಟೆ. ಜನ ಅವಳ ಹೆಸರಲ್ಲಿ ಕೊಟ್ಟ ಒಂದು ಪೆನ್ನಿಯೂ ನನ್ನ ಹಾರಾಟಕ್ಕೆ ಹೋಗಬಾರದು ಅನಿಸಿತು. ಒಟ್ಟು 2,340 ಪೌಂಡ್ ಬಂತು. ಇಲ್ಲಿ ತೆರಿಗೆ ಕಟ್ಟುವವರು ಗಿಫ್ಟ್ ಏಡ್ ಟಿಕ್ ಮಾಡಿದರೆ ಪ್ರತಿ ಪೌಂಡಿಗೆ ಸರ್ಕಾರ 25 ಪೆನ್ಸ್ ಸೇರಿಸುತ್ತದೆ, ಅದು ಬೇರೆ.

ವಿಮಾನ 15,000 ಅಡಿ ಏರಿತು. ನನ್ನ ಬೆನ್ನಿಗೆ ಇನ್‌ಸ್ಟ್ರಕ್ಟರ್. ನಾಲ್ಕು ಕಡೆ ಕೊಕ್ಕೆ ಹಾಕಿ ಬಿಗಿದರು. ಬಾಗಿಲು ತೆರೆದಾಗ ನುಗ್ಗಿದ ಚಳಿಗೆ ಹಲ್ಲು ಕಟಕಟ ಅಂದವು. ಅಂಚಿನಲ್ಲಿ ಕಾಲು ಇಳಿಬಿಟ್ಟೆ. "ತಲೆ ಹಿಂದಕ್ಕೆ, ಕೆಳಗೆ ನೋಡಬೇಡ" ಅಂದರು ಅವರು, ಇಂಗ್ಲಿಷಿನಲ್ಲಿ. ನನಗೆ ಅದು ಕನ್ನಡದಲ್ಲೇ ಕೇಳಿಸಿತು.

ಮೊದಲ ಒಂದು ನಿಮಿಷ ಬರೀ ಗಾಳಿಯ ಅಬ್ಬರ. ಗಂಟೆಗೆ ಸುಮಾರು 190 ಕಿಲೋಮೀಟರ್ ವೇಗ. ಕಿರುಚಿದೆನೋ ಇಲ್ಲವೋ ನೆನಪಿಲ್ಲ. ಸುಮಾರು 5,000 ಅಡಿಯಲ್ಲಿ ಪ್ಯಾರಾಚೂಟ್ ಬಿಚ್ಚಿಕೊಂಡಿತು. ಯಾರೋ ಹೆಗಲು ಹಿಡಿದು ಎತ್ತಿದ ಹಾಗಾಯಿತು, ಆಮೇಲೆ ಎಲ್ಲ ನಿಶ್ಶಬ್ದ. ಹಸಿರು, ಹಳದಿ ಹೊಲಗಳು ಕಾಣಿಸಿದವು. ಅಲ್ಲಿ ಅವಳ ಹೆಸರು ಹೇಳಿದೆ. ಮೂರು ಸಲ.

ಪಟ್ಟಿಗೆ ಸೇರುವುದಕ್ಕೆ ಇಷ್ಟೆಲ್ಲ ಧೈರ್ಯ ಬೇಡ. ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ಆಡಿಸಿ ಪೋಸ್ಟ್ ಮಾಡಿದರೆ ಆಯಿತು. ಆಂಥನಿ ನೋಲನ್‌ಗೆ 16ರಿಂದ 30 ವಯಸ್ಸಿನವರು ಸೇರಬಹುದು. ನನಗೆ ಆಗಲೇ 36, ಹಾಗಾಗಿ 55ರವರೆಗೆ ಸೇರಿಸಿಕೊಳ್ಳುವ ಡಿಕೆಎಂಎಸ್ ಎಂಬ ಇನ್ನೊಂದು ದಾನಿಗಳ ಪಟ್ಟಿಗೆ ಸೇರಿದೆ. ಭಾರತದಲ್ಲಿರುವವರಿಗೆ ದಾತ್ರಿ ಎಂಬ ಪಟ್ಟಿ ಇದೆ. ದಯವಿಟ್ಟು ಸೇರಿ.

ಇಳಿದ ಮೇಲೆ ಹುಲ್ಲಿನ ಮೇಲೇ ಕೂತು ಅವಳ ಅಮ್ಮನಿಗೆ ಫೋನ್ ಮಾಡಿದೆ. ಹಾಸನದಲ್ಲಿ ಆಗ ರಾತ್ರಿ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರೇ ಕೇಳಿದರು, "ಮೇಲೆ ಚಳಿ ಇತ್ತೇನವ್ವಾ? ಸ್ವೆಟರ್ ಹಾಕ್ಕೊಂಡಿದ್ದೆ ತಾನೆ?"

ಹಾಕಿಕೊಂಡಿದ್ದೆ. ಅವಳದೇ, ಆ ನೀಲಿದು.