ಗೊಬ್ಬರ ಹಾಕಿದರೂ ಹಳದಿಯಾದ ನಿಂಬೆ

ವಿಜಯಪುರ ಜಿಲ್ಲೆಯ ಇಂಡಿ ಕಡೆ ನಿಂಬೆ ಗಿಡ ಹಳದಿಯಾಯ್ತು ಅಂದ್ರೆ ಬರುವ ಮೊದಲ ಮಾತು ‘ಗೊಬ್ಬರ ಕಮ್ಮಿ ಆಗೇತಿ’. ನಮ್ಮ ಕಾಕಾ ಕೂಡ ಹಾಗೇ ನಂಬಿದ್ದರು. ಆದರೆ ಅವರ ತೋಟದಲ್ಲಿ ಗೊಬ್ಬರಕ್ಕೇನೂ ಬರ ಇರಲಿಲ್ಲ. ಡಿಎಪಿ ಚೀಲ ಬಿಚ್ಚಿ ಸುರಿಯೋದರಲ್ಲಿ ಅವರು ಧಾರಾಳಿ. ಅಂಗಡಿಯವನು ಕೊಟ್ಟ ಟಾನಿಕ್ ಬಾಟಲಿಗಳು ಮೋಟರ್ ಮನೆಯ ಕಟ್ಟೆ ಮೇಲೆ ಸಾಲಾಗಿ ನಿಂತಿದ್ದವು. ಆದರೂ ಕಾಯಿ ಗಾತ್ರಕ್ಕೆ ಬರುತ್ತಿರಲಿಲ್ಲ. ಕಾಗ್ಜಿ ನಿಂಬೆ ಅಂದರೆ ಸಿಪ್ಪೆ ತೆಳು ಇರಬೇಕು, ಹಿಂಡಿದರೆ ರಸ ಸುರಿಯಬೇಕು. ಇವರ ತೋಟದ್ದು ಸಿಪ್ಪೆ ದಪ್ಪ, ರಸ ಕಡಿಮೆ.

ಹೇಳಿಕೇಳಿ ಇದು ನಿಂಬೆಯ ಸೀಮೆ. ಇಂಡಿ ನಿಂಬೆಗೆ ಜಿಐ ಟ್ಯಾಗ್, ಅಂದರೆ ಈ ಸೀಮೆಯದೇ ಬೆಳೆ ಅನ್ನುವ ಅಧಿಕೃತ ಗುರುತು ಸಿಕ್ಕಿದೆ. ರಾಜ್ಯದ ನಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿ ಇರೋದೂ ಇಂಡಿಯಲ್ಲೇ. ಅಂಥ ಊರಲ್ಲಿ ಇದ್ದು ಮಾರುಕಟ್ಟೆಯಲ್ಲಿ ‘ಗೋಲಿ ಕಾಯಿ’ ಅನ್ನಿಸಿಕೊಳ್ಳೋದು ಕಾಕಾಗೆ ಸಹಿಸಲಾಗದ ಮಾತು.

ಸೀಗಿ ಹುಣ್ಣಿಮೆ ಹತ್ತಿರದ ಒಂದು ದಿನ ನಾನು ಊರಿಗೆ ಹೋಗುವಾಗ ಗೆಳೆಯನೊಬ್ಬನನ್ನು ಜೊತೆಗೆ ಕರೆದುಕೊಂಡು ಹೋದೆ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಓದಿದವನು. ಮನೆಗೆ ಬಂದವನು ಚಹಾ ಕುಡಿಯೋಕೂ ಕೂರದೆ ನೇರ ತೋಟಕ್ಕೆ ನಡೆದ. ಕಾಕಿಗೆ ಅದು ಅಷ್ಟು ಹಿಡಿಸಲಿಲ್ಲ.

ತೋಟದಲ್ಲಿ ಅವನು ಮೊದಲು ಕೇಳಿದ್ದು ಗೊಬ್ಬರದ ಲೆಕ್ಕ ಅಲ್ಲ. ಹಳದಿ ಕಾಣಿಸಿದ್ದು ಹಳೇ ಎಲೆಯಲ್ಲೋ, ಹೊಸ ಚಿಗುರಲ್ಲೋ ಅಂತ ಕೇಳಿದ. ಕಾಕಾ ನನ್ನ ಮುಖ ನೋಡಿದರು. ಹಳದಿ ಅಂದ್ರೆ ಹಳದಿ, ಅದರಲ್ಲೇನು ಹಳೇದು ಹೊಸದು?

ಅವನು ಗಿಡದಿಂದ ಗಿಡಕ್ಕೆ ಹೋಗಿ ತೋರಿಸತೊಡಗಿದ. ಸಾರಜನಕ ಕಮ್ಮಿಯಾದರೆ ಹಳೇ ಎಲೆ ಪೂರ್ತಿಯಾಗಿ ಬಿಳಚಿಕೊಳ್ಳುತ್ತೆ, ಯಾಕಂದ್ರೆ ಗಿಡ ಅಲ್ಲಿಂದ ಎಳೆದು ಹೊಸ ಚಿಗುರಿಗೆ ಕೊಡುತ್ತೆ. ಮೆಗ್ನೀಷಿಯಂ ಕೊರತೆಯೂ ಹಳೇ ಎಲೆಯಲ್ಲೇ ಶುರು. ಅಂಚು ಹಳದಿಯಾಗಿ, ತೊಟ್ಟಿನ ಹತ್ತಿರ ಮಾತ್ರ ತ್ರಿಕೋನದ ಹಾಗೆ ಹಸಿರು ಉಳಿಯುತ್ತೆ. ಸತು, ಕಬ್ಬಿಣದ ಕತೆ ಬೇರೆ. ಇವು ಹಳೇ ಎಲೆಯಿಂದ ಸುಲಭವಾಗಿ ಕದಲಲ್ಲ. ಹಾಗಾಗಿ ಕೊರತೆ ಕಾಣೋದು ಹೊಸ ಎಲೆಯಲ್ಲಿ.

ನಮ್ಮ ತೋಟದಲ್ಲಿ ಹಳೇ ಎಲೆ ಗಾಢ ಹಸಿರಾಗೇ ಇತ್ತು. ತುದಿಯ ಎಲೆಗಳು ಮಾತ್ರ ಸಣ್ಣ, ಸಪೂರ, ನೆಟ್ಟಗೆ ಮೇಲಕ್ಕೆ ನಿಂತಿದ್ದವು. ನರದ ಪಕ್ಕ ಹಸಿರು, ನಡುವೆ ಹಳದಿ ಪಟ್ಟೆ. ‘ಇದು ಸತುವಿನ ಕೊರತೆ ಕಾಕಾ’ ಅಂದ. ಕೆಳಗಿನ ಮೂಲೆಯ ಗಿಡಗಳಲ್ಲಿ ಇನ್ನೊಂದು ಬಗೆ. ಎಲೆಯೆಲ್ಲ ಹಳದಿ, ಸಣ್ಣ ಸಣ್ಣ ನರಗಳು ಮಾತ್ರ ಹಸಿರು ಬಲೆಯ ಹಾಗೆ ಎದ್ದು ಕಾಣುತ್ತಿದ್ದವು. ಅದು ಕಬ್ಬಿಣದ್ದು.

ಆ ಮೂಲೆ ನೋಡಿ ಅವನು ಕೆಳಗೆ ಕೂತ. ಅಲ್ಲೊಂದು ಡ್ರಿಪ್ ಪೈಪ್ ಸೋರುತ್ತಿತ್ತು. ಎರೆಮಣ್ಣು, ನೀರು ಇಂಗೋದು ನಿಧಾನ, ನೆಲ ಸದಾ ಒದ್ದೆ. ಸುಣ್ಣ ಇರುವ ಮಣ್ಣು ಹೀಗೆ ನೀರು ಹಿಡಿದುಕೊಂಡರೆ ಬೇರಿನ ಸುತ್ತ ಬೈಕಾರ್ಬೊನೇಟ್ ಜಾಸ್ತಿಯಾಗಿ ಗಿಡಕ್ಕೆ ಕಬ್ಬಿಣ ಬಳಸೋಕೆ ಆಗಲ್ಲವಂತೆ. ಮದ್ದಿಗಿಂತ ಮೊದಲು ಸೋರುವ ಪೈಪ್ ಸರಿ ಮಾಡಿ ಅಂದ. ಇಷ್ಟು ಅಗ್ಗದ ಸಲಹೆ ಕಾಕಾಗೆ ನಂಬಿಕೆ ಬರಲಿಲ್ಲ ಅಂತ ಕಾಣುತ್ತೆ, ಸುಮ್ನೆ ‘ಹೂಂ’ ಅಂದರು.

ಆಮೇಲೆ ಅವನು ಚೀಲದಿಂದ ಸಣ್ಣ ಬಾಟಲಿ ತೆಗೆದ. ತೆಳು ಮಾಡಿದ ಹೈಡ್ರೋಕ್ಲೋರಿಕ್ ಆಮ್ಲ. ಮಣ್ಣಿನ ಹೆಂಟೆ ಮೇಲೆ ನಾಲ್ಕು ಹನಿ ಬಿಟ್ಟ. ಚುಂಯ್ ಅಂತ ನೊರೆ ಎದ್ದಿತು. ನಮ್ಮ ನೆಲದಲ್ಲಿ ಸುಣ್ಣದ ಹರಳು ಇರೋದು ಕಾಕಾಗೆ ಗೊತ್ತಿಲ್ಲದ್ದೇನಲ್ಲ, ಗಳೆ ಹೊಡೆಯುವಾಗ ಏಳುತ್ತಲೇ ಇರುತ್ತವೆ. ಆದರೆ ಅದು ಗಿಡದ ಊಟಕ್ಕೆ ಅಡ್ಡ ಬರುತ್ತೆ ಅನ್ನೋದು ಹೊಸ ಸುದ್ದಿ. ಮಣ್ಣಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 8 ದಾಟಿದರೆ ಸತು, ಕಬ್ಬಿಣ, ಮ್ಯಾಂಗನೀಸ್ ನೆಲದಲ್ಲಿ ಇದ್ದರೂ ನೀರಲ್ಲಿ ಕರಗಲ್ಲ. ಬೇರಿಗೆ ಸಿಗಲ್ಲ. ತಿಜೋರಿಯಲ್ಲಿ ದುಡ್ಡಿದೆ, ಕೀಲಿ ಕೈ ಇಲ್ಲ ಅನ್ನುವ ಹಾಗೆ.

ಇನ್ನೊಂದು ಪೆಟ್ಟು ಡಿಎಪಿಯದ್ದು. ಅದರಲ್ಲಿ ನೂರಕ್ಕೆ ಸಾರಜನಕ 18 ಭಾಗ, ರಂಜಕ (P2O5 ಲೆಕ್ಕದಲ್ಲಿ) 46 ಭಾಗ. ವರ್ಷಾನುಗಟ್ಟಲೆ ಸುರಿದು ರಂಜಕ ಜಾಸ್ತಿಯಾದರೆ ಸತು ಹೀರೋದಕ್ಕೆ ಅದೂ ತೊಂದರೆ ಕೊಡುತ್ತೆ. ಇಲ್ಲಿ ಕಾಕಾ ಸ್ವಲ್ಪ ಬಿಸಿಯಾದರು.

‘ಇಷ್ಟು ವರ್ಷ ಹಾಕೀನಿ, ಗಿಡ ಸತ್ತಾವೇನ?’

‘ಸತ್ತಿಲ್ರಿ ಕಾಕಾ. ಆದ್ರ ಕಾಯಿನೂ ದೊಡ್ಡು ಆಗಿಲ್ಲ.’

ಇದಕ್ಕೆ ಕಾಕಾ ಉತ್ತರ ಕೊಡಲಿಲ್ಲ. ನನಗೆ ಒಳಗೊಳಗೇ ನಗು.

ಮದ್ದು ಹೊಡೆಯುವ ಮೊದಲೇ ಎಲೆ ಮಾದರಿ ತೆಗೆಯಬೇಕು ಅಂತ ಅವನ ಹಟ. ಸತು ಸಿಂಪಡಿಸಿದ ಮೇಲೆ ತೆಗೆದರೆ ಎಲೆಯ ಮೇಲೆ ಅಂಟಿದ್ದೂ ಲೆಕ್ಕಕ್ಕೆ ಬಂದು ವರದಿ ಸುಳ್ಳು ಹೇಳುತ್ತೆ. ಕಾಯಿ ಇಲ್ಲದ ಟೊಂಗೆ, ಐದಾರು ತಿಂಗಳು ಬಲಿತ ಎಲೆ, ಗಿಡದ ನಾಲ್ಕೂ ದಿಕ್ಕು, ಹೆಗಲೆತ್ತರ. ಹೀಗೆ ಬೇರೆ ಬೇರೆ ಗಿಡದಿಂದ ಆರಿಸಿ, ತೊಳೆದು, ನೆರಳಲ್ಲಿ ಹರವಿ, ಕಾಗದದ ಚೀಲಕ್ಕೆ ಹಾಕಿದೆವು. ಮುಳ್ಳು ಚುಚ್ಚಿಸಿಕೊಂಡಿದ್ದು ನಾನೊಬ್ಬನೇ. ಕಾಕಾ ನಿಂಬೆ ಗಿಡದೊಳಗೆ ಕೈ ಹಾಕಿದರೆ ಮುಳ್ಳೇ ದಾರಿ ಬಿಡುತ್ತವೇನೋ.

ಮಧ್ಯಾಹ್ನ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಕಾಕಿಯ ಸಿಟ್ಟು ಅಲ್ಲಿಗೆ ಇಳಿಯಿತು.

ಸಂಜೆ ಬಿಸಿಲು ತಗ್ಗಿದ ಮೇಲೆ ಸಿಂಪಡಣೆ. ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್, ಅದರ ಅರ್ಧ ಅರಳಿದ ಸುಣ್ಣ. ಸುಣ್ಣದ ಹೆಸರು ಕೇಳಿದ್ದೇ ತಡ, ಕಾಕಾ ಪಂಪ್ ಕೆಳಗಿಟ್ಟರು.

‘ನೆಲದಾಗ ಸುಣ್ಣ ಜಾಸ್ತಿ ಐತಿ ಅಂತ ಈಗಷ್ಟ ಹೇಳ್ದಿ. ಮತ್ತ ಸುಣ್ಣಾನ ಹೊಡಿ ಅಂತಿಯಲ್ಲೋ ತಮ್ಮಾ!’

ನ್ಯಾಯವಾದ ಪ್ರಶ್ನೆ ಅಲ್ವಾ? ಸತುವಿನ ಸಲ್ಫೇಟ್ ನೀರು ಹುಳಿ. ಹಾಗೇ ಹೊಡೆದರೆ ಎಳೆ ಎಲೆ ಸುಡುತ್ತೆ. ಸುಣ್ಣ ಆ ಹುಳಿ ಮುರಿಯೋಕೆ ಮಾತ್ರ, ಎಲೆ ಮೇಲಿನ ಈ ಚೂರು ನೆಲಕ್ಕೆ ಏನೂ ಮಾಡಲ್ಲ. ಎರಡನ್ನೂ ಬೇರೆ ಬೇರೆ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಆಮೇಲೆ ಕೂಡಿಸಬೇಕು. ಸೋಸದಿದ್ದರೆ ನಾಜಲ್ ಕಟ್ಟಿಕೊಂಡು ಅರ್ಧ ಸಂಜೆ ಅದನ್ನು ಊದೋದರಲ್ಲೇ ಹೋಗುತ್ತೆ.

ಚಿಗುರೆಲೆ ಮುಕ್ಕಾಲು ಬೆಳೆದಾಗ ಹೊಡೆಯಬೇಕು ಅನ್ನೋದು ಅವನು ಒತ್ತಿ ಹೇಳಿದ ಮಾತು. ಸಿಂಪಡಿಸಿದ ಸತು ಆ ಎಲೆ ಬಿಟ್ಟು ಮುಂದಿನ ಚಿಗುರಿಗೆ ಹೆಚ್ಚೇನೂ ಹೋಗಲ್ಲ. ಹಾಗಾಗಿ ಇದು ಒಂದೇ ಸಲಕ್ಕೆ ಮುಗಿಯುವ ಕೆಲಸ ಅಲ್ಲ. ಟಾನಿಕ್ ಬಾಟಲಿ ಮಾರುವವರು ಈ ಮಾತನ್ನು ಯಾಕೆ ಹೇಳಲ್ಲವೋ.

ಹೊರಡುವ ಮುಂಚೆ ಗಿಡದ ಬುಡ ತೋರಿಸಿ ಇನ್ನೊಂದು ಮಾತು ಹೇಳಿದ. ತಿಪ್ಪೆ ಗೊಬ್ಬರವೆಲ್ಲ ಕಾಂಡಕ್ಕೆ ಒತ್ತಿಕೊಂಡಿತ್ತು. ಉಣ್ಣುವ ಬೇರು ಇರೋದು ಟೊಂಗೆಯ ನೆರಳು ಬೀಳುವ ಸುತ್ತಿನಲ್ಲಿ, ಅದೂ ಮೇಲಿನ ಒಂದು ಅಡಿ ಮಣ್ಣಲ್ಲೇ ಹೆಚ್ಚು. ಬುಡಕ್ಕೆ ಗುಡ್ಡೆ ಹಾಕಿದರೆ ಕಾಂಡ ಒದ್ದೆಯಾಗಿ ಅಂಟು ಸೋರುವ ರೋಗ ಬೇರೆ. ಗೊಬ್ಬರ ಅಲ್ಲಿಂದ ಸರಿಸಿದ್ದು ಮರುದಿನ. ಬೆನ್ನು ಬಿದ್ದುಹೋಯ್ತು.

ವರದಿ ಬಂದಾಗ ಎಲೆಯಲ್ಲಿ ಸತು, ಕಬ್ಬಿಣ ಕಮ್ಮಿ. ಸಾರಜನಕ, ಪೊಟ್ಯಾಶ್ ಸಾಕಷ್ಟಿತ್ತು. ಕಾಕಾ ಅಷ್ಟರಲ್ಲಿ ಕಾಯಿ ದಪ್ಪ ಆಗಲಿ ಅಂತ ಪೊಟ್ಯಾಶ್ ಚೀಲ ತಂದಿಟ್ಟಿದ್ದರು. ಪೊಟ್ಯಾಶ್ ಕಾಯಿಗೆ ಗಾತ್ರ ಕೊಡೋದು ನಿಜ. ಅತಿಯಾದರೆ ಸಿಪ್ಪೆಯೂ ದಪ್ಪ ಆಗುತ್ತೆ. ಆ ಚೀಲವನ್ನು ಕಾಕಿ ಜೋಳದ ಚೀಲದ ಪಕ್ಕ ನಿಲ್ಲಿಸಿದ್ದಾರೆ, ಯಾರಾದರೂ ಕೇಳಿದರೆ ಕೊಟ್ಟುಬಿಡೋಣ ಅಂತ. ಮಳೆಗಾಲದಲ್ಲಿ ಸಾಲಿನ ನಡುವೆ ಹಸಿರು ಗೊಬ್ಬರಕ್ಕೆ ಸೆಣಬು ಬಿತ್ತಿ, ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸೋದು ಅಂತ ತೀರ್ಮಾನವಾಯಿತು.

ಹೊಡೆದ ಮೇಲೆ ಹಳದಿಯಾಗಿದ್ದ ಎಳೆ ಎಲೆಗಳಲ್ಲಿ ಎಷ್ಟೋ ಹಸಿರಿಗೆ ತಿರುಗಿದವು. ಕೆಳಗಿನ ಮೂಲೆ ನಿಧಾನ. ಪೈಪ್ ಸರಿಯಾಗಿ, ನೆಲ ಆರಿದ ಮೇಲೆ ಬಂದ ಚಿಗುರು ಪರವಾಗಿಲ್ಲ. ಬೇಸಿಗೆಯ ಕಾಯಿ ಹಿಂದಿನದಕ್ಕಿಂತ ದುಂಡಗೆ, ಸಿಪ್ಪೆ ತೆಳ್ಳಗೆ ಬಂತು. ಇದು ಸತುವಿನದೊಂದೇ ಕೆಲಸ ಅಂತ ನಾನು ಹೇಳಲ್ಲ. ನೀರು ಸುಧಾರಿಸಿತ್ತು, ಗೊಬ್ಬರದ ಜಾಗ ಬದಲಾಗಿತ್ತು, ಎಲ್ಲ ಒಟ್ಟಿಗೇ ಮಾಡಿದ್ದೆವು.

ವಿಜಯಪುರದ ಮಾರುಕಟ್ಟೆಗೆ ಆ ಸಲ ನಾನೂ ಕಾಕಾನ ಜೊತೆ ಹೋದೆ. ವ್ಯಾಪಾರಿ ಒಂದು ಕಾಯಿ ಕೊಯ್ದು ಹಿಂಡಿದ. ರಸ ಬೆರಳ ಸಂದಿಯಿಂದ ಮೊಣಕೈಗೆ ಇಳಿಯಿತು. ಕಾಕಾ ಮೀಸೆ ಮೇಲೆ ಕೈ ಇಟ್ಟರು.

‘ಮಾಲು ಚಲೋ ಐತ್ರಿ’ ಅಂದ ಅವನು. ‘ಆದ್ರ ಇವತ್ತ ಆವಕ ಭಾಳ ಐತಿ ನೋಡ್ರಿ.’