ಗುಳ್ಳೆಯದಲ್ಲ, ಹುಳಿಯದು

ಇಂದು ಮೊದಲ ಬಾರಿ ಸಾರಜನಕ ತುಂಬಿದ ತಣ್ಣನೆಯ ಕಾಫಿ ಕುಡಿದೆ. ಲೋಟದೊಳಗೆ ಕಂದು ಅಲೆಗಳು ಕೆಳಗಿಳಿಯುವಂತೆ ಕಾಣುವುದನ್ನೇ ನೋಡುತ್ತಾ ಕುಳಿತುಬಿಟ್ಟೆ. ಹಾಲು ಒಂದು ತೊಟ್ಟೂ ಇಲ್ಲ, ಆದರೂ ಬಾಯಿಗೆ ಕೆನೆಯ ನುಣುಪು! ಸೋಡಾದ ಚುರುಕಂತೂ ಇಲ್ಲವೇ ಇಲ್ಲ. ಆ ಚುರುಕು ಬರುವುದು ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿ ಕಾರ್ಬಾನಿಕ್ ಆಮ್ಲವಾಗುವುದರಿಂದ. ಸಾರಜನಕ ಆಮ್ಲವಾಗುವುದಿಲ್ಲ, ಕರಗುವುದೂ ಅತ್ಯಲ್ಪ. ಅದಕ್ಕೇ ಒತ್ತಡದಲ್ಲಿ ತುಂಬಿ, ಸಣ್ಣ ರಂಧ್ರಗಳ ಬಿಲ್ಲೆಯ ಮೂಲಕ ಸುರಿಯುತ್ತಾರೆ. ಐರ್ಲೆಂಡಿನ ಗಿನ್ನೆಸ್ 1959ರಲ್ಲೇ ತನ್ನ ಬಿಯರಿಗೆ ಈ ಅನಿಲ ಬಳಸಿತ್ತು.

ಬಾಲ್ಯದ ಗೋಲಿ ಸೋಡಾ ಮೂಗಿಗೇರಿ ಕಣ್ಣಲ್ಲಿ ನೀರು ತರಿಸುತ್ತಿತ್ತು. ಆ ಉರಿ ಗುಳ್ಳೆ ಒಡೆಯುವುದರದ್ದೆಂದೇ ಇಷ್ಟು ವರ್ಷ ನಂಬಿದ್ದೆ. ಹುಳಿಯದೆಂದು ತಿಳಿದ ಮೇಲೆ, ಈ ಸಂಜೆ ಗೋಲಿ ಸೋಡಾ ಹುಡುಕಿಕೊಂಡು ಹೊರಟಿದ್ದೇನೆ.